ಒಳಗೆ ತರಬಾರದ ಹೂವು

ಮೇ ತಿಂಗಳು ಬಂತೆಂದರೆ ಐರ್ಲೆಂಡಿನ ಈ ಪಶ್ಚಿಮದ ಕಡೆ, ಕ್ಲೇರ್ ಕೌಂಟಿಯಲ್ಲಿ, ಬೇಲಿಗಳೆಲ್ಲ ಬೆಳ್ಳಗಾಗುತ್ತವೆ. ಅದು ಹಾಥಾರ್ನ್ ಹೂವು. ಮುಳ್ಳಿನ ಗಿಡ. ಎಲೆ ಕಾಣದಷ್ಟು ಒತ್ತೊತ್ತಾಗಿ ಪುಟ್ಟ ಪುಟ್ಟ ಹೂ ಬಿಡುತ್ತದೆ. ನಾನು ಕೆಲಸ ಮಾಡುವ ಕೇರ್ ಹೋಮ್‌ನ ಪಾರ್ಕಿಂಗ್ ಸುತ್ತ ಇರುವುದೂ ಅದೇ ಬೇಲಿ. ಒಳಗೆ ಊಟದ ಹಾಲ್‌ನಲ್ಲಿ ಟೇಬಲ್ಲಿಗೊಂದು ಹೂದಾನಿ ಇಡುವ ರೂಢಿ ಇದೆ. ಅದಕ್ಕೆ ಸೂಪರ್ ಮಾರ್ಕೆಟ್ಟಿನಿಂದ ದುಡ್ಡು ಕೊಟ್ಟು ಟ್ಯೂಲಿಪ್ಪೋ ಕಾರ್ನೇಶನ್ನೋ ತರುತ್ತಾರೆ. ಬಾಗಿಲಾಚೆ ರಾಶಿ ರಾಶಿ ಹೂವು ಸುಮ್ನೆ ಉದುರಿಹೋಗುತ್ತಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ.

ಒಂದು ಸಲ ಹೊಸದಾಗಿ ಕೆಲಸಕ್ಕೆ ಸೇರಿದ ಫಿಲಿಪೀನ್ಸ್‌ನ ಹುಡುಗಿಯೊಬ್ಬಳು ಮುಟ್ಟಿದಳು. ಬೆಳಗಿನ ಶಿಫ್ಟಿಗೆ ಬರುತ್ತಾ ಒಂದು ತೋಳು ತುಂಬ ಕೊಂಬೆ ಮುರಿದುಕೊಂಡು ಬಂದು ದೊಡ್ಡ ಜಗ್‌ನಲ್ಲಿಟ್ಟು ಹಾಲ್‌ನ ನಡುವೆ ಇಟ್ಟಳು. ನೋಡಲು ಚೆಂದವೇ ಇತ್ತು. ಊಟದ ಹೊತ್ತಿಗೆ ಒಬ್ಬರು ಅಜ್ಜಿ ವಾಕರ್ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು. ದಿನಾ ಪೇಪರಿನ ಪದಬಂಧ ಪೂರ್ತಿ ತುಂಬುವವರು. "ಅದು ಅಲ್ಲಿರೋವರೆಗೂ ನಾನು ಕೂರಲ್ಲ" ಎಂದರು. ಕೂಗಾಡಲಿಲ್ಲ. ಸೂಪು ತಣ್ಣಗಾಗುತ್ತಿತ್ತು, ಅವರು ನಿಂತೇ ಇದ್ದರು. ಹಿಂದೆ ಬಂದ ಇನ್ನಿಬ್ಬರೂ ಅಲ್ಲೇ ನಿಂತರು. ಕೊನೆಗೆ ಅಡುಗೆಮನೆಯ ಹುಡುಗ ಬಂದು ಜಗ್ ಎತ್ತಿಕೊಂಡು ಹೋಗಿ ಹೊರಗಿಟ್ಟ. ಅವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕಿವಿಯಲ್ಲಿ ಯಾವಾಗಲೂ ಇಯರ್‌ಫೋನ್. ಆ ಹೂವು ಒಳಗೆ ಬಂದರೆ ಮನೆಯಲ್ಲಿ ಸಾವು ಅನ್ನುವುದನ್ನು ನೀನೂ ನಂಬುತ್ತೀಯಾ ಅಂತ ಆಮೇಲೆ ಕೇಳಿದೆ. "ನಂಬೋದೇನೂ ಇಲ್ಲ. ಆದ್ರೂ ಒಳಗೆ ಬೇಡ" ಅಂದ.

ಇಷ್ಟೇ ಆಗಿದ್ದರೆ ಒಂದು ಅಪಶಕುನದ ಗಿಡ ಅಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಅದೇ ವಾರ ಅದೇ ಹಾಥಾರ್ನ್‌ನ ಒಂದು ದೊಡ್ಡ ಕೊಂಬೆ ನಮ್ಮ ಗೇಟಿನ ಪಕ್ಕ ನೆಟ್ಟಿತ್ತು. ಅದರ ತುಂಬ ಬಣ್ಣದ ರಿಬ್ಬನ್, ಈಸ್ಟರ್‌ನಿಂದ ಎತ್ತಿಟ್ಟಿದ್ದ ಮೊಟ್ಟೆ ಚಿಪ್ಪು. ಆ ಚಿಪ್ಪಿಗೆ ಬಣ್ಣ ಹಚ್ಚಿದವರು ನಮ್ಮ ಅಜ್ಜಿ ಅಜ್ಜಂದಿರೇ. ಪದಬಂಧದ ಅಜ್ಜಿಯೂ ಹಚ್ಚಿದ್ದರು. ಅದಕ್ಕೆ ಮೇ ಬುಷ್ ಅನ್ನುತ್ತಾರೆ. ಮನೆಗೆ ಒಳ್ಳೆಯದಾಗಲಿ ಅಂತ ಮನೆಯ ಮುಂದೆ ನೆಡುವುದು. ಅದೇ ಗಿಡ, ಅದೇ ಹೂವು. ಗೇಟಿನ ಹತ್ತಿರ ಇದ್ದರೆ ಶುಭ, ಊಟದ ಟೇಬಲ್ಲಿನ ಮೇಲೆ ಬಂದರೆ ಸಾವು. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಸಿಗುವುದು ಪಟ್ಟಿಗಳು. ಐರಿಶ್ ಹಬ್ಬದ ಹೂವುಗಳು ಮತ್ತು ಅವುಗಳ ಅರ್ಥ ಅಂತ. ಹಾಥಾರ್ನ್ ಎಂದರೆ ಭರವಸೆ, ಐವಿ ಎಂದರೆ ನಿಷ್ಠೆ, ಶ್ಯಾಮ್ರಾಕ್ ಎಂದರೆ ಕ್ರೈಸ್ತರ ತ್ರಿತ್ವ. ಒಂದು ಗಿಡಕ್ಕೆ ಒಂದು ಅರ್ಥ. ಇದರಲ್ಲಿ ಜಾಸ್ತಿ ಭಾಗ ವಿಕ್ಟೋರಿಯನ್ ಕಾಲದ ಇಂಗ್ಲಿಷ್ ಶ್ರೀಮಂತರು ಹೂಗುಚ್ಛ ಕಳಿಸಿಕೊಳ್ಳುವಾಗ ಮಾಡಿಕೊಂಡಿದ್ದು. ಕ್ಲೇರ್‌ನ ರೈತನ ಹೆಂಡತಿಗೆ ಅದರ ಗೊಡವೆಯೇ ಇರಲಿಲ್ಲ. ಇಲ್ಲಿ ಕೇಳುವ ಪ್ರಶ್ನೆ ಇದು ಯಾವ ಹೂವು ಅನ್ನುವುದಲ್ಲ, ಎಲ್ಲಿಟ್ಟಿದ್ದೀರಿ, ಯಾವತ್ತಿನಿಂದ ಯಾವತ್ತಿನವರೆಗೆ ಇಟ್ಟಿದ್ದೀರಿ ಅನ್ನುವುದು. ನಾನು ಇಲ್ಲಿನ ಅಜ್ಜಿಯರಿಂದ ಕೇಳಿಕೊಂಡಿದ್ದು, ಓದಿಕೊಂಡಿದ್ದು ಎಲ್ಲವೂ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಬೆಣ್ಣೆ ಕಾಯುವ ಹಳದಿ

ಮೊದಲು ಹಾಥಾರ್ನ್ ವಾಸನೆಯ ವಿಷಯ ಮುಗಿಸಿಬಿಡುತ್ತೇನೆ. ಆ ಹೂವಿನಲ್ಲಿ ಟ್ರೈಮೀಥೈಲ್‌ಅಮೀನ್ ಅನ್ನುವ ರಾಸಾಯನಿಕ ಇದೆ. ಸತ್ತ ದೇಹ ಕೊಳೆಯಲು ಶುರುವಾದಾಗ ಹುಟ್ಟುವುದೂ ಅದೇ. ಐರ್ಲೆಂಡಿನಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಮನೆಯಲ್ಲೇ ಇಟ್ಟು ರಾತ್ರಿಯೆಲ್ಲ ಊರಿನವರು ಬಂದು ಕೂರುವ ಪದ್ಧತಿ ಇದೆ. ಹಳ್ಳಿಗಳಲ್ಲಿ ಈಗಲೂ ಉಂಟು. ಆ ವಾಸನೆ ಎಲ್ಲರಿಗೂ ಗೊತ್ತಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಥಾರ್ನ್ ಇಟ್ಟರೆ ಮೂಗಿಗೆ ಅದೇ ನೆನಪು. ವಿಜ್ಞಾನಿಗಳು ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತಾರೆ. ಸರಿಯೇ ಇರಬಹುದು. ಆದರೆ ಇದು ಅರ್ಧ ಉತ್ತರ. ಒಳಗೆ ಯಾಕೆ ಬೇಡ ಅನ್ನುವುದಕ್ಕೆ ಆಯ್ತು. ಹೊರಗೆ ಯಾಕೆ ಬೇಕು?

ಅದಕ್ಕೆ ಹಸುಗಳ ಹತ್ತಿರ ಹೋಗಬೇಕು. ಮೇ ಒಂದನೇ ತಾರೀಕು, ಇವರ ಬ್ಯಾಲ್ಟಿನ ಹಬ್ಬ, ಹಳೆಯ ಲೆಕ್ಕದಲ್ಲಿ ಬೇಸಿಗೆ ಶುರುವಾಗುವ ದಿನ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿದ್ದ ದನ ಗುಡ್ಡದ ಹುಲ್ಲಿಗೆ ಹೋಗುತ್ತಿದ್ದವು. ಹಾಲು ಹೆಚ್ಚುವ ಕಾಲ. ಹಾಲೆಂದರೆ ಬೆಣ್ಣೆ. ಬೆಣ್ಣೆಯೆಂದರೆ ಜಮೀನ್ದಾರನಿಗೆ ಕಟ್ಟುವ ಗೇಣಿ. ಕಾರ್ಕ್ ನಗರದಲ್ಲಿ 1770ರಲ್ಲಿ ಶುರುವಾದ ಬೆಣ್ಣೆ ಮಾರುಕಟ್ಟೆ ಮುಂದೆ ಜಗತ್ತಿನಲ್ಲೇ ದೊಡ್ಡದಾಯಿತು. ಇಲ್ಲಿಂದ ಹಡಗಿನಲ್ಲಿ ಬ್ರಿಟನ್ನಿಗೆ, ವೆಸ್ಟ್ ಇಂಡೀಸಿಗೆ ಬೆಣ್ಣೆ ಹೋಗುತ್ತಿತ್ತು. ಅಷ್ಟು ದುಡ್ಡಿನ ಸಂಗತಿ ಒಂದು ಮರದ ಕಡೆಗೋಲಿನ ಮೇಲೆ ನಿಂತಿತ್ತು. ಕಡೆದರೂ ಬೆಣ್ಣೆ ಬರದಿದ್ದರೆ ಏನು ಗತಿ? ಯಾರೋ ಮಾಟ ಮಾಡಿದ್ದಾರೆ, ಪಕ್ಕದ ಮನೆಯವಳು ಬೆಳಗಿನ ಇಬ್ಬನಿಯಲ್ಲಿ ಬಟ್ಟೆ ಎಳೆದು ನಮ್ಮ ಬೆಣ್ಣೆಯ ಅದೃಷ್ಟ ಕದ್ದಿದ್ದಾಳೆ, ಇಲ್ಲವೇ ಫೇರಿಗಳ ಕೆಲಸ. ಇಲ್ಲಿನ ಫೇರಿಗಳು ಮಕ್ಕಳ ಪುಸ್ತಕದ ರೆಕ್ಕೆಯ ಹುಡುಗಿಯರಲ್ಲ. ನೆಲದಡಿ ಇರುವ, ಮುನಿಸಿಕೊಂಡರೆ ಮನೆ ಹಾಳುಮಾಡುವ ಜನ. ಅವರ ಹೆಸರೆತ್ತಲೂ ಹಿಂಜರಿದು "ಒಳ್ಳೆಯ ಜನ" ಅನ್ನುತ್ತಾರೆ.

ಅದಕ್ಕೇ ಏಪ್ರಿಲ್ 30ರ ಸಂಜೆ ಮಕ್ಕಳು ಹಳದಿ ಹೂವು ಕೀಳಲು ಹೊರಡುತ್ತಿದ್ದರು. ಬೇಲಿ ಬುಡದ ಪ್ರಿಮ್ರೋಸ್, ಜೌಗಿನಲ್ಲಿ ಬೆಳೆಯುವ ಮಾರ್ಶ್ ಮ್ಯಾರಿಗೋಲ್ಡ್, ಮುಳ್ಳಿನ ಗಾರ್ಸ್. ಬೆಣ್ಣೆಯ ಬಣ್ಣಕ್ಕೆ ಬೆಣ್ಣೆಯ ಬಣ್ಣದ ಕಾವಲು. ಅದನ್ನು ಹೊಸ್ತಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕೊಟ್ಟಿಗೆಯ ಬಾಗಿಲಲ್ಲಿ ಚೆಲ್ಲುವುದು. ಹಸುವಿನ ಕೊರಳಿಗೂ ಕಟ್ಟುವುದುಂಟು. ಹೊಸ್ತಿಲಿಗೆ ಅರಿಶಿನ ಬಳಿಯುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಥಾರ್ನ್ ಕೊಂಬೆಯೂ ಹೊರಗಿನ ಕಾವಲುಗಾರನೇ. ಕಾವಲುಗಾರನನ್ನು ಯಾರೂ ಒಳಗೆ ಕರೆದು ಊಟಕ್ಕೆ ಕೂರಿಸುವುದಿಲ್ಲ. ಅದರಲ್ಲೂ ಅವನಿಗೆ ಆಚೆಯವರ ಜೊತೆ ಸಲಿಗೆ ಇದ್ದರೆ. ಹಾಥಾರ್ನ್ ಫೇರಿಗಳ ಮರ. ಹೊಲದ ನಡುವೆ ಒಂಟಿಯಾಗಿ ಬೆಳೆದಿದ್ದರಂತೂ ಅದನ್ನು ಯಾರೂ ಕಡಿಯುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಎಷ್ಟೋ ಸಲ ನೋಡಿದ್ದೇನೆ. ಇಡೀ ಹೊಲ ಉತ್ತಿರುತ್ತಾರೆ, ನಡುವೆ ಒಂದು ಮುಳ್ಳುಮರ, ಅದರ ಸುತ್ತ ಟ್ರ್ಯಾಕ್ಟರ್ ದುಂಡಗೆ ಸುತ್ತು ಹಾಕಿದ ಗುರುತು. ಜಿಪಿಎಸ್ ಇರುವ, ಲಕ್ಷ ಯೂರೋ ಬೆಲೆಯ ಟ್ರ್ಯಾಕ್ಟರ್ ಕೂಡ ಸುತ್ತು ಹಾಕುತ್ತದೆ.

ನಮ್ಮ ಕೌಂಟಿಯಲ್ಲೇ ಇದರ ಪ್ರಸಿದ್ಧ ಕೇಸ್ ಒಂದಿದೆ. ಲಿಮರಿಕ್‌ನಿಂದ ಎನ್ನಿಸ್‌ಗೆ ಬರುವ ದಾರಿಯಲ್ಲಿ ಲಟೂನ್ ಅಂತ ಜಾಗ. 1999ರಲ್ಲಿ ಅಲ್ಲಿ ಹೊಸ ಹೆದ್ದಾರಿ ಹಾಕಲು ಹೊರಟಾಗ ಒಂದು ಹಾಥಾರ್ನ್ ಪೊದೆ ಅಡ್ಡ ಬಂತು. ಎಡ್ಡಿ ಲೆನಿಹನ್ ಅನ್ನುವ ಕಥೆಗಾರರು ಪೇಪರಿಗೆ ಪತ್ರ ಬರೆದರು. ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕಾನಾಕ್ಟ್ ಫೇರಿಗಳ ಮೇಲೆ ಯುದ್ಧಕ್ಕೆ ಹೋಗುವಾಗ ಸೇರುವ ಜಾಗ ಅದು, ಕಡಿದರೆ ಆ ರಸ್ತೆಯಲ್ಲಿ ಜನ ಸಾಯುತ್ತಾರೆ ಎಂದರು. ದೇಶವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೊನೆಗೆ ಎಂಜಿನಿಯರುಗಳು ಪೊದೆಯನ್ನು ಉಳಿಸಿ, ಸುತ್ತ ಬೇಲಿ ಹಾಕಿ, ರಸ್ತೆ ಮಾಡಿದರು. 2002ರಲ್ಲಿ ಯಾರೋ ರಾತ್ರೋರಾತ್ರಿ ಬಂದು ಗರಗಸದಿಂದ ಅದರ ಕೊಂಬೆಗಳನ್ನೆಲ್ಲ ಕತ್ತರಿಸಿ ಹೋದರು. ಅದು ಮತ್ತೆ ಚಿಗುರಿತು. ಈಗಲೂ ಮೋಟಾರ್‌ವೇ ಪಕ್ಕ ಇದೆ. ನೋಡಿದರೆ ಏನೂ ವಿಶೇಷ ಇಲ್ಲ. ಬಸ್ ವೇಗದಲ್ಲಿ ಹೋದರೆ ಕಣ್ಣಿಗೂ ಬೀಳದು.

ಈ ಮೇ ಬುಷ್, ಹಳದಿ ಹೂವಿನ ಸುದ್ದಿಯೆಲ್ಲ ಇಷ್ಟು ವಿವರವಾಗಿ ಉಳಿದಿದ್ದಕ್ಕೆ ಒಂದು ಕಾರಣ ಇದೆ. 1937ರಿಂದ 1939ರವರೆಗೆ ಇಲ್ಲಿನ ಜಾನಪದ ಆಯೋಗ ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದಿತು. ಆ ಪುಟಗಳು ಈಗ ಆನ್‌ಲೈನ್‌ನಲ್ಲಿವೆ. ಮಕ್ಕಳ ದುಂಡಗಿನ ಅಕ್ಷರದಲ್ಲಿ ಬೆಣ್ಣೆ ಕಳ್ಳತನದ ಕತೆಗಳು. ರಾತ್ರಿ ಪಾಳಿಯಲ್ಲಿ ಎಲ್ಲರೂ ಮಲಗಿದ ಮೇಲೆ ನಾನು ಓದುವುದು ಇದನ್ನೇ. ಎಷ್ಟು ಓದಿದರೂ ಮುಗಿಯುವಂಥದ್ದಲ್ಲ.

ಶ್ಯಾಮ್ರಾಕ್ ಅಂತ ಗಿಡವೇ ಇಲ್ಲ

ಇನ್ನು ಎಲ್ಲರಿಗೂ ಗೊತ್ತಿರುವ ಶ್ಯಾಮ್ರಾಕ್, ಐರ್ಲೆಂಡಿನ ಗುರುತಾದ ಮೂರೆಲೆ ಸೊಪ್ಪು. ಮಾರ್ಚ್ 17, ಸಂತ ಪ್ಯಾಟ್ರಿಕ್ ದಿನ. ಹಸಿರು ಟೋಪಿ, ಹಸಿರು ಬಿಯರು ಎಲ್ಲ ಅಮೆರಿಕದ ಕಡೆಯಿಂದ ಬಂದ ಗಲಾಟೆ, ಅದನ್ನು ಬಿಡಿ. ಇಲ್ಲಿ ತೊಟ್ಟ ಕೋಟಿನ ಮೇಲೆ ಒಂದು ಚಿಕ್ಕ ಎಲೆಗೊಂಚಲು ಸಿಕ್ಕಿಸಿಕೊಂಡು ಚರ್ಚಿಗೆ ಹೋಗುವುದು ಹಳೆಯ ಪದ್ಧತಿ.

ನಮ್ಮಲ್ಲಿ ಒಬ್ಬರು ಅಜ್ಜಿಗೆ ಬಾಸ್ಟನ್‌ನಲ್ಲಿ ತಂಗಿ ಇದ್ದಾರೆ. ಹೋಗಿ ಅರವತ್ತು ವರ್ಷದ ಮೇಲಾಯಿತಂತೆ. ಪ್ರತಿ ಮಾರ್ಚ್ ಮೊದಲ ವಾರ ಈ ಅಕ್ಕ ತಂಗಿಗೆ ಶ್ಯಾಮ್ರಾಕ್ ಪೋಸ್ಟ್ ಮಾಡಬೇಕು. ಅಂಗಡಿಯದ್ದು ಆಗದು. ಕುಂಡದಲ್ಲಿ ಬೆಳೆಸಿದ್ದು ಮಣ್ಣಿನ ರುಚಿ ಕಂಡಿರುವುದಿಲ್ಲ ಅನ್ನುತ್ತಾರೆ. ವೀಲ್‌ಚೇರನ್ನು ಹಿಂದಿನ ಹುಲ್ಲುಹಾಸಿಗೆ ತಳ್ಳಿಕೊಂಡು ಹೋಗಬೇಕು. ಅವರು ಕೂತಲ್ಲಿಂದಲೇ ಬೆರಳು ತೋರಿಸುವುದು, ನಾನು ಮಂಡಿಯೂರಿ ಕೀಳುವುದು. "ಅದಲ್ಲ, ಅದು ದೊಡ್ಡ ಎಲೆ. ಇದಲ್ಲ, ಇದಕ್ಕೆ ಬಿಳಿ ಗುರುತಿದೆ. ಹಾ, ಅದು. ಬೇರು ಬರಲಿ ಮಗಳೇ, ಬೇರು ಬರಲಿ." ನನ್ನ ಕಣ್ಣಿಗೆ ಮೂರೂ ಒಂದೇ ಥರ. ಒದ್ದೆ ಹತ್ತಿಯಲ್ಲಿ ಸುತ್ತಿ, ಪುಟ್ಟ ಡಬ್ಬಿಯಲ್ಲಿಟ್ಟು ಕಳಿಸಿದೆವು. ಮುಟ್ಟುವಷ್ಟರಲ್ಲಿ ಒಣಗಿ ಬಣ್ಣ ಹೋಗಿತ್ತಂತೆ. ತಂಗಿ ಅದನ್ನೇ ಕೋಟಿಗೆ ಚುಚ್ಚಿಕೊಂಡು ಚರ್ಚಿಗೆ ಹೋದರಂತೆ. ಫೋನಿನಲ್ಲಿ ಇಬ್ಬರೂ ಅದರ ಬಗ್ಗೆ ಒಂದೇ ಒಂದು ಮಾತಾಡಿ, ಆಮೇಲೆ ಸೊಂಟ ನೋವಿನ ಬಗ್ಗೆ ತುಂಬ ಹೊತ್ತು ಮಾತಾಡಿದರು.

ಅಜ್ಜಿ ಅಷ್ಟು ಖಚಿತವಾಗಿ ಆರಿಸಿದ್ದು ಯಾವ ಗಿಡ? ಈ ಪ್ರಶ್ನೆಯನ್ನು ನನಗಿಂತ ಮುಂಚೆ ಡಬ್ಲಿನ್‌ನ ನಥಾನಿಯಲ್ ಕೋಲ್ಗನ್ ಅನ್ನುವ ಹವ್ಯಾಸಿ ಸಸ್ಯಶಾಸ್ತ್ರಜ್ಞ ಕೇಳಿಕೊಂಡಿದ್ದರು. ಮಾರ್ಚ್‌ನಲ್ಲಿ ಶ್ಯಾಮ್ರಾಕ್ ಬರೀ ಎಳೆ ಎಲೆ, ಹೂವಿರುವುದಿಲ್ಲ, ಹಾಗಾಗಿ ಜಾತಿ ಗುರುತಿಸುವುದು ಕಷ್ಟ. ಅವರು 1890ರ ದಶಕದ ಆರಂಭದಲ್ಲಿ ದೇಶದ ಬೇರೆ ಬೇರೆ ಕಡೆಯ ಜನರಿಗೆ ಹೇಳಿ, ನಿಜವಾದ ಶ್ಯಾಮ್ರಾಕ್ ಅಂತ ನಿಮಗೆ ಗ್ಯಾರಂಟಿ ಇರುವುದನ್ನು ಬೇರು ಸಮೇತ ಕಳಿಸಿ ಎಂದರು. ಬಂದಿದ್ದನ್ನೆಲ್ಲ ನೆಟ್ಟು ಹೂ ಬಿಡುವವರೆಗೆ ಕಾದರು. ಸುಮಾರು ಅರ್ಧ ಹಳದಿ ಹೂವಿನ ಸಣ್ಣ ಕ್ಲೋವರ್ ಆಗಿ ಅರಳಿದವು. ಕ್ಲೋವರ್ ಅಂದರೆ ಹುಲ್ಲಿನ ನಡುವೆ ಬೆಳೆಯುವ ಮೂರೆಲೆ ಗಿಡ. ಮೂರನೇ ಒಂದು ಭಾಗ ಬಿಳಿ ಕ್ಲೋವರ್. ಉಳಿದವು ಕೆಂಪು ಕ್ಲೋವರ್ ಮತ್ತು ಅದೇ ಥರದ ಬ್ಲ್ಯಾಕ್ ಮೆಡಿಕ್ ಅನ್ನುವ ಗಿಡ. 1988ರಲ್ಲಿ ಚಾರ್ಲ್ಸ್ ನೆಲ್ಸನ್ ಅನ್ನುವ ಸಸ್ಯಶಾಸ್ತ್ರಜ್ಞರು ಅದನ್ನೇ ಮತ್ತೆ ಮಾಡಿದರು. ಸುಮಾರು ನೂರು ವರ್ಷ ಕಳೆದಿದ್ದರೂ ಹೆಚ್ಚುಕಡಿಮೆ ಅದೇ ಫಲಿತಾಂಶ. ಕೆಲವರು ಕ್ಲೋವರ್ ಬಿಟ್ಟು ವುಡ್ ಸಾರೆಲ್ ಕೂಡ ಕಳಿಸಿದ್ದರು. ನಮ್ಮ ಕಡೆ ಹಿತ್ತಲಲ್ಲಿ ಬೆಳೆಯುವ, ಅಗಿದರೆ ಹುಳಿಯಾದ ಮೂರೆಲೆ ಸೊಪ್ಪಿದೆಯಲ್ಲ, ಅದರ ನೆಂಟ.

ಅಂದರೆ ದೇಶದ ಗುರುತಾಗಿ ವಿಮಾನದ ಬಾಲದ ಮೇಲೆ ಬರೆಸಿಕೊಂಡಿರುವ ಗಿಡ ಒಂದು ಗಿಡವೇ ಅಲ್ಲ. ನಾಲ್ಕೈದು ಗಿಡ. ಕಳಿಸಿದ ಪ್ರತಿಯೊಬ್ಬರೂ ತಮ್ಮದೇ ಅಸಲಿ ಅಂದುಕೊಂಡಿದ್ದರು. ಅಸಲಿತನ ಎಲೆಯಲ್ಲಿಲ್ಲ, ಮಾರ್ಚ್ 17ರಲ್ಲಿದೆ. ಹಿಂದಿನ ವಾರ, ಮುಂದಿನ ವಾರ ಅದು ಬರೀ ಕ್ಲೋವರ್. ನಮ್ಮ ಕೇರ್ ಹೋಮ್‌ಗೆ ಹುಲ್ಲು ಕತ್ತರಿಸಲು ಬರುವವನು ಎಲ್ಲವನ್ನೂ ಒಟ್ಟಿಗೆ ಕತ್ತರಿಸಿಕೊಂಡು ಹೋಗುತ್ತಾನೆ. ಅಜ್ಜಿ ಕಿಟಕಿಯಲ್ಲಿ ಕೂತು ನೋಡುತ್ತಲೇ ಇರುತ್ತಾರೆ, ಏನೂ ಅನ್ನುವುದಿಲ್ಲ.

ಪ್ಯಾಟ್ರಿಕ್ ಮೂರೆಲೆ ತೋರಿಸಿ ತಂದೆ, ಮಗ, ಪವಿತ್ರಾತ್ಮ ಒಂದೇ ಅಂತ ವಿವರಿಸಿದರು ಅನ್ನುವ ಕತೆ ಇದೆಯಲ್ಲ. ಪ್ಯಾಟ್ರಿಕ್ ಇದ್ದಿದ್ದು 5ನೇ ಶತಮಾನದಲ್ಲಿ. ಅವರೇ ಬರೆದ ಎರಡು ಬರಹಗಳು ಉಳಿದಿವೆ. ಎರಡರಲ್ಲೂ ಎಲೆಯ ಸುದ್ದಿ ಇಲ್ಲ. ಆ ಕತೆ ಮೊದಲು ಅಚ್ಚಾಗಿದ್ದು 1726ರಲ್ಲಿ, ಕೇಲೆಬ್ ಥ್ರೆಲ್ಕೆಲ್ಡ್ ಅನ್ನುವ ವೈದ್ಯ-ಪಾದ್ರಿ ಬರೆದ ಐರಿಶ್ ಗಿಡಗಳ ಪುಸ್ತಕದಲ್ಲಿ. ಜನ ಆ ದಿನ ಇದನ್ನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಾರೆ, ಆಮೇಲೆ ಅತಿಯಾಗಿ ಕುಡಿಯುತ್ತಾರೆ ಅಂತಲೂ ಅವರು ಗೊಣಗಿದ್ದಾರೆ. ಕೊನೆಯ ಗ್ಲಾಸಿನಲ್ಲಿ ಶ್ಯಾಮ್ರಾಕ್ ಮುಳುಗಿಸಿ ಕುಡಿಯುವುದು ಈಗಲೂ ಇದೆ. ಅಮೆರಿಕದ ಅಧ್ಯಕ್ಷರಿಗೆ ಪ್ರತಿ ವರ್ಷ ಶ್ಯಾಮ್ರಾಕ್ ಕೊಡುವ ದೊಡ್ಡ ಸಮಾರಂಭವೂ ಶುರುವಾಗಿದ್ದು ನಮ್ಮ ಅಜ್ಜಿಯ ಡಬ್ಬಿಯ ಹಾಗೆಯೇ. 1952ರಲ್ಲಿ ಐರಿಶ್ ರಾಯಭಾರಿ ಟ್ರೂಮನ್‌ಗೆ ಅಂತ ಒಂದು ಪುಟ್ಟ ಪೆಟ್ಟಿಗೆ ಕಳಿಸಿದರು. ಅವತ್ತು ಅಧ್ಯಕ್ಷರು ಊರಲ್ಲೇ ಇರಲಿಲ್ಲ.

ಕೋಟಿನ ಮೇಲೆ

ಮನೆಯ ಹೊಸ್ತಿಲಿನ ಹಾಗೆ ಕೋಟಿನ ಎದೆಯೂ ಇಲ್ಲಿ ಒಂದು ಗಡಿ. ಅಲ್ಲಿ ಏನು ಸಿಕ್ಕಿಸಿಕೊಂಡಿದ್ದೀರಿ ಅನ್ನುವುದನ್ನು ಜನ ಓದುತ್ತಾರೆ. ಇದು ನನಗೆ ಗೊತ್ತಾಗಿದ್ದು ಬ್ರಿಟನ್ನಿನ ಆಳ್ವಿಕೆಯಲ್ಲೇ ಉಳಿದಿರುವ ಉತ್ತರ ಐರ್ಲೆಂಡಿನಿಂದ ಬಂದ ಒಬ್ಬ ಸಹೋದ್ಯೋಗಿಯಿಂದ. ಎಲ್ಲರೂ ಮಾರ್ಚ್‌ನಲ್ಲಿ ಎಲೆ ಚುಚ್ಚಿಕೊಂಡರೆ ಆತ ಚುಚ್ಚಿಕೊಳ್ಳುವುದಿಲ್ಲ. ಈಸ್ಟರ್‌ನಲ್ಲೂ ಇಲ್ಲ, ನವೆಂಬರ್‌ನಲ್ಲೂ ಇಲ್ಲ. "ನಾನು ಬೆಳೆದ ಬೀದಿಯಲ್ಲಿ ಹೂವು ನೋಡಿ ಹೊಡೀತಿದ್ರು" ಅಂತ ಒಮ್ಮೆ ಹೇಳಿ ಮಾತು ಬದಲಿಸಿದ.

ಈಸ್ಟರ್ ಲಿಲಿಯನ್ನೇ ತೆಗೆದುಕೊಳ್ಳಿ. 1916ರ ಈಸ್ಟರ್ ಸೋಮವಾರ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು. ಹತ್ತು ವರ್ಷದ ನಂತರ, 1926ರಲ್ಲಿ, ಕುಮನ್ ನ ಮಾನ್ ಅನ್ನುವ ಮಹಿಳಾ ಸಂಘಟನೆ ಸತ್ತವರ ನೆನಪಿಗೆ ಕಾಗದದ ಲಿಲಿ ಬ್ಯಾಡ್ಜ್ ತಂದಿತು. ಚರ್ಚಿನಲ್ಲಿ ಈಸ್ಟರ್‌ಗೆ ಇಡುವ ಕ್ಯಾಲಾ ಲಿಲಿ. ಮೂಲ ದಕ್ಷಿಣ ಆಫ್ರಿಕಾದ್ದು. ಅದರ ಬಿಳಿ, ಕೇಸರಿ, ಹಸಿರಿನಲ್ಲಿ ಐರಿಶ್ ಧ್ವಜವೂ ಕಂಡಿತು. ಮುಂದೆ 1970ರ ಸುಮಾರಿಗೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪು ಐಆರ್‌ಎ ಎರಡಾಗಿ ಒಡೆದಾಗ ಒಂದು ಬಣ ಅಂಟಿಸುವ ಲಿಲಿ ಹಂಚಿತು, ಇನ್ನೊಂದು ಬಣ ಗುಂಡುಸೂಜಿಯ ಲಿಲಿಯನ್ನೇ ಉಳಿಸಿಕೊಂಡಿತು. ಅಂಟಿನವರಿಗೆ "ಸ್ಟಿಕೀಸ್" ಅಂತಲೇ ಅಡ್ಡಹೆಸರು ಬಂತು. ಒಂದೇ ಹೂವು, ಒಂದೇ ದಿನ. ಗೋಂದಾ ಪಿನ್ನಾ ಅನ್ನುವುದರಲ್ಲಿ ನೀವು ಯಾರ ಕಡೆ ಅಂತ ತೀರ್ಮಾನ. ಇನ್ನು ಕಿತ್ತಳೆ ಬಣ್ಣದ ಲಿಲಿ ಇದರ ಪೂರ್ತಿ ಎದುರು ಪಾಳಯ. ಅದು ಜುಲೈ 12ರದ್ದು. 1690ರ ಬಾಯ್ನ್ ಕದನದಲ್ಲಿ ಪ್ರಾಟೆಸ್ಟೆಂಟ್ ರಾಜ ವಿಲಿಯಂ ಗೆದ್ದ ನೆನಪಿಗೆ ಉತ್ತರದ ಆರೆಂಜ್ ಆರ್ಡರ್‌ನವರು ಮೆರವಣಿಗೆಯಲ್ಲಿ ತೊಡುವ ಹೂವು. ಲಿಲಿ ಎಂದರೆ ಪಾವಿತ್ರ್ಯ ಅಂತ ಪಟ್ಟಿಯಲ್ಲಿ ಓದಿಕೊಂಡು ಬೆಲ್‌ಫಾಸ್ಟ್‌ಗೆ ಹೋದವರ ಗತಿ ಯೋಚಿಸಿ.

ನವೆಂಬರ್‌ನ ಕೆಂಪು ಪಾಪಿ ಹೂವು ಇನ್ನೂ ಕಷ್ಟದ್ದು. ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ನೆನಪಿಗೆ ತೊಡುವುದು ಅದು. ಮೊದಲ ಮಹಾಯುದ್ಧದಲ್ಲಿ ಸುಮಾರು ಎರಡು ಲಕ್ಷ ಐರಿಶ್ ಜನ ಬ್ರಿಟಿಷ್ ಸೇನೆಯಲ್ಲಿದ್ದರು. ವಾಪಸು ಬರುವಷ್ಟರಲ್ಲಿ ದೇಶ ಬದಲಾಗಿತ್ತು. ಅವರ ಮನೆಯವರು ಪಾಪಿಯನ್ನು ಡ್ರಾಯರ್‌ನಲ್ಲಿ ಮುಚ್ಚಿಟ್ಟುಕೊಂಡರು. 1987ರ ನವೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಎನ್ನಿಸ್ಕಿಲನ್‌ನಲ್ಲಿ ಯುದ್ಧ ಸ್ಮಾರಕದ ಹತ್ತಿರ ಸೇರಿದ್ದ ಜನರ ಮೇಲೆ ಐಆರ್‌ಎ ಬಾಂಬ್ ಸಿಡಿಸಿತು. 2012ರಲ್ಲಿ ಐರಿಶ್ ಪ್ರಧಾನಿ ಎಂಡಾ ಕೆನಿ ಅದೇ ಜಾಗಕ್ಕೆ ಹೋಗಿ ನಮಿಸಿದಾಗ ಅವರು ಇಟ್ಟಿದ್ದು ಪಾಪಿಯ ಮಾಲೆಯನ್ನಲ್ಲ, ಹಸಿರು ಲಾರೆಲ್ ಎಲೆಯದ್ದು. ಐದು ವರ್ಷ ಕಳೆದ ಮೇಲೆ ಆಗಿನ ಪ್ರಧಾನಿ ಲಿಯೋ ವರಾಡ್ಕರ್ ಶ್ಯಾಮ್ರಾಕ್ ಆಕಾರದ ಮೇಲೆ ಪಾಪಿ ಇರುವ ಬ್ಯಾಡ್ಜ್ ತೊಟ್ಟು ಸಂಸತ್ತಿಗೆ ಬಂದರು. ಎರಡು ಗಿಡಗಳನ್ನು ಕಸಿ ಮಾಡಿದ್ದು. ಅದಕ್ಕೂ ಚರ್ಚೆ ಆಯಿತು ಅನ್ನುವುದು ಬೇರೆ.

ಈ ಗಲಾಟೆಯಲ್ಲಿ ಎರಡೂ ಕಡೆಯವರ ಕೈಗೆ ಸಿಗುವುದು ಶ್ಯಾಮ್ರಾಕ್ ಒಂದೇ ಅನ್ನಿಸುತ್ತದೆ. ಬ್ರಿಟಿಷ್ ಸೇನೆಯ ಐರಿಶ್ ಗಾರ್ಡ್ಸ್ ದಳಕ್ಕೂ 1901ರಿಂದ ಅರಮನೆಯ ಕಡೆಯಿಂದ ಅದನ್ನು ಹಂಚುತ್ತಾರೆ. ಯಾವ ಗಿಡ ಅಂತ ಖಚಿತವಿಲ್ಲದ್ದಕ್ಕೇ ಎಲ್ಲರೂ ತಮ್ಮದು ಅನ್ನಬಹುದೇನೋ.

ಯಾವತ್ತಿನವರೆಗೆ

ಒಳಗೆ ಬರುವ ಗಿಡಗಳೂ ಇವೆ. ಆದರೆ ಅವು ನೆಂಟರ ಹಾಗೆ, ಬರುವ ದಿನ, ಹೋಗುವ ದಿನ ಗೊತ್ತಿರಬೇಕು. ಜನವರಿ 31ರ ಸಂಜೆ ಜೊಂಡು ಬರುತ್ತದೆ. ಫೆಬ್ರವರಿ 1 ಸಂತ ಬ್ರಿಜಿಡ್‌ಳ ದಿನ, ವಸಂತದ ಮೊದಲ ದಿನ. ಜೊಂಡನ್ನು ಕತ್ತಿಯಿಂದ ಕೊಯ್ಯಬಾರದು, ಕೈಯಿಂದ ಕೀಳಬೇಕು. ಹಿಂದೆ ಮನೆಯ ಹುಡುಗಿ ಅದನ್ನು ಹೊತ್ತು ಹೊರಗೆ ನಿಂತು, ಬ್ರಿಜಿಡ್ ಬಂದಿದ್ದಾಳೆ, ಮಂಡಿಯೂರಿ, ಒಳಗೆ ಬಿಡಿ ಅಂತ ಕೂಗುತ್ತಿದ್ದಳು. ಒಳಗಿನವರು ಬಾ ಬಾ ಅಂತ ಕರೆಯಬೇಕು. ಆಮೇಲೆ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುವುದು, ಮನೆಗೆ ಬೆಂಕಿ ಬೀಳದಿರಲಿ ಅಂತ. ಹುಲ್ಲಿನ ಮಾಡಿನ ಮನೆಗಳಿಗೆ ಆ ಭಯ ನಿಜವಾದದ್ದೇ. ನಾಲ್ಕು ಕೈಯ ಆ ಶಿಲುಬೆ 1995ರವರೆಗೂ ಇಲ್ಲಿನ ಸರ್ಕಾರಿ ಟಿವಿಯ ಲಾಂಛನವಾಗಿತ್ತು. 2023ರಿಂದ ಬ್ರಿಜಿಡ್ ಹೆಸರಿನಲ್ಲಿ ರಜೆ ಕೂಡ ಇದೆ. ನನ್ನಂಥ ಪಾಳಿ ಕೆಲಸದವರಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ, ಅವತ್ತು ಸಂಬಳ ಸ್ವಲ್ಪ ಜಾಸ್ತಿ ಅನ್ನುವುದು ಬಿಟ್ಟರೆ.

ಈಸ್ಟರ್‌ಗೆ ಹಿಂದಿನ ಭಾನುವಾರ ಚರ್ಚಿನಲ್ಲಿ ತಾಳೆಗರಿ ಹಂಚಬೇಕು. ಈ ಚಳಿ ದೇಶದಲ್ಲಿ ತಾಳೆ ಎಲ್ಲಿ? ಯೂ ಮರದ್ದೋ ಸೈಪ್ರೆಸ್‌ನದ್ದೋ ಒಂದು ಟೊಂಗೆಯನ್ನು ಪಾದ್ರಿ ಹರಸಿ ಕೊಡುತ್ತಾರೆ. ಅವತ್ತಿನಿಂದ ಅದೇ ತಾಳೆ. ಯಾರಿಗೂ ಮುಜುಗರ ಇಲ್ಲ. ದೇವರ ಪಟದ ಹಿಂದೆ ಸಿಕ್ಕಿಸಿ ಮುಂದಿನ ವರ್ಷದವರೆಗೆ ಇಡುತ್ತಾರೆ.

ಕ್ರಿಸ್‌ಮಸ್‌ನ ಹಾಲಿ, ಮುಳ್ಳೆಲೆಯ ಒಂದು ಗಿಡ, ಎಲ್ಲಕ್ಕಿಂತ ಕಟ್ಟುನಿಟ್ಟು. ಹಿಂದಿನ ದಿನ ಮಕ್ಕಳು ಕೆಂಪು ಹಣ್ಣಿರುವ ಕೊಂಬೆ ಹುಡುಕಿ ತರುವುದು. ಬಡವರ ಮನೆಗೂ ಖರ್ಚಿಲ್ಲದ ಸಿಂಗಾರ. ಜನವರಿ 6ರವರೆಗೆ ಅದು ಇರಬೇಕು. ಮೊದಲೇ ತೆಗೆದರೆ ಕೇಡು. ಆ ದಿನಕ್ಕೆ ಹೆಂಗಸರ ಕ್ರಿಸ್‌ಮಸ್ ಅಂತಲೂ ಹೆಸರು. ಹನ್ನೆರಡು ದಿನ ದುಡಿದ ಹೆಂಗಸರು ಅವತ್ತು ಕಾಲು ಚಾಚುವುದು, ಗಂಡಸರು ಅಡುಗೆ ಮಾಡುವುದು. ತೆಗೆದ ಹಾಲಿಯನ್ನು ಕಸಕ್ಕೆ ಎಸೆಯುವಂತಿಲ್ಲ. ಒಂದು ಕೊಂಬೆ ಎತ್ತಿಟ್ಟು, ಉಪವಾಸದ ಕಾಲ ಶುರುವಾಗುವ ಹಿಂದಿನ ಮಂಗಳವಾರ ಪ್ಯಾನ್‌ಕೇಕ್ ಹುಯ್ಯುವ ಒಲೆಗೆ ಅದನ್ನು ಹಾಕಬೇಕು.

ಕೇರ್ ಹೋಮ್‌ನಲ್ಲಿ ಒಲೆ ಎಲ್ಲಿದೆ? ಇರುವುದು ಇಂಡಕ್ಷನ್. ಮೇಲಿಂದ ಹೊಗೆ ಅಲಾರಂ. ಪದಬಂಧದ ಅಜ್ಜಿ ತಮ್ಮ ಕೋಣೆಯ ಡ್ರಾಯರ್‌ನಲ್ಲಿ, ಔಷಧಿ ಚೀಟಿಗಳ ಪಕ್ಕ, ಒಂದು ಒಣ ಹಾಲಿ ಕೊಂಬೆ ಇಟ್ಟುಕೊಂಡಿದ್ದರು. ಚಾದರ ಮಡಿಸಿಡುವಾಗ ನನ್ನ ಕೈಗೆ ಚುಚ್ಚಿತು. ಪ್ಯಾನ್‌ಕೇಕ್ ಮಂಗಳವಾರ ಅಡುಗೆಮನೆಯ ಹುಡುಗ ಅದನ್ನು ಇಸಿದುಕೊಂಡು ಹೋಗಿ, ಹೊರಗೆ ತಾನು ಸಿಗರೇಟು ಸೇದುವ ಜಾಗದಲ್ಲಿ ಲೈಟರ್‌ನಿಂದ ಹಚ್ಚಿದ. ಅಜ್ಜಿ ಕೋಟು ಹಾಕಿಕೊಂಡು ಬಂದು ಅದು ಪೂರ್ತಿ ಉರಿಯುವವರೆಗೂ ನಿಂತು ನೋಡಿದರು. ಒಣ ಹಾಲಿ ಚಟಪಟ ಅಂತ ಜೋರಾಗಿ ಉರಿಯುತ್ತದೆ. ಆಮೇಲೆ ಒಳಗೆ ಬಂದು ಎರಡು ಪ್ಯಾನ್‌ಕೇಕ್ ತಿಂದರು.

ಮುಂದಿನ ಡಿಸೆಂಬರ್‌ಗೆ ಮ್ಯಾನೇಜರ್ ಪ್ಲಾಸ್ಟಿಕ್ ಹಾಲಿ ತರಿಸಿದರು. ಬೆಂಕಿ ಭಯ, ಹಣ್ಣು ಬಾಯಿಗೆ ಹಾಕಿಕೊಳ್ಳುವ ಭಯ, ಎರಡೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಜನವರಿ 3ಕ್ಕೆ ಕ್ಲೀನಿಂಗ್‌ನವರು ಅದನ್ನು ತೆಗೆಯಲು ಏಣಿ ತಂದಾಗ ಹಾಲ್‌ನಲ್ಲಿ ಎರಡು ಪಕ್ಷ ಆಯಿತು. ಪ್ಲಾಸ್ಟಿಕ್ ಆದರೇನು, ಆರನೇ ತಾರೀಕಿನವರೆಗೆ ಇರಲೇಬೇಕು ಅಂತ ಬಾಸ್ಟನ್ ತಂಗಿಯ ಅಜ್ಜಿ. ನನ್ನ ವಾದವೂ ಅದೇ ಆಗಬೇಕಿತ್ತು, ಜಾಗ ಮತ್ತು ದಿನವೇ ಮುಖ್ಯ ಅಂತ ಇಷ್ಟು ಹೊತ್ತು ಹೇಳಿದ್ದೇನಲ್ಲ. ಪದಬಂಧದ ಅಜ್ಜಿ ಒಪ್ಪಲಿಲ್ಲ. ಬೇಲಿಗೆ ಹೋಗಿ, ಕೈ ತರಚಿಕೊಂಡು, ಹಕ್ಕಿಗೆ ಅಂತ ಒಂದಿಷ್ಟು ಹಣ್ಣು ಬಿಟ್ಟು ತಂದಿದ್ದಾದರೆ ಮಾತ್ರ ಹಾಲಿ. "ಇದು ಚೀನಾದಿಂದ ಡಬ್ಬದಲ್ಲಿ ಬಂದಿದ್ದು. ಇದಕ್ಕೆ ನಮ್ಮನೆ ಕಾಯೋದು ಹೇಗೆ ಗೊತ್ತಿರುತ್ತೆ?" ಏಣಿ ಹಿಡಿದವನು ನನ್ನ ಮುಖ ನೋಡಿದ. ಸೋಮವಾರ ಬಾ ಅಂತ ಹೇಳಿ ಕಳಿಸಿದೆ.